ಆಮ್ಲಮಳೆ: ರಸಾಯನ ತಜ್ಞರೊಂದಿಗೆ ಮುಂಬಯಿ ಕನ್ನಡಿಗರ ಪ್ರಶ್ನೋತ್ತರ

ಮಾಟುಂಗಾ ಸದಸ್ಯ: ನಮಸ್ಕಾರ ಸರ್. ಮೊದಲ ಮಳೆಯಲ್ಲಿ ನೆನೆದರೆ ಚರ್ಮ ಸುಡುತ್ತದೆ, ಅಡುಗೆ ಸೋಡಾ ಕಲಸಿದ ನೀರಿನಿಂದ ತಲೆ ತೊಳೆಯಬೇಕು ಎಂಬ ಸಂದೇಶ ಬಂದಿದೆ. ನಿಜವೇ?

ತಜ್ಞರು: ನಿಜವಲ್ಲ. ಶುದ್ಧ ಮಳೆನೀರಿನ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.6 ಇರುತ್ತದೆ, ಅದಕ್ಕಿಂತ ಇಳಿದರೆ ಆಮ್ಲಮಳೆ. ಪಿಎಚ್ 4ರ ಮಳೆಗಿಂತಲೂ ನಿಂಬೆರಸ ಹತ್ತಾರು ಪಟ್ಟು ಹುಳಿ.

ಚೆಂಬೂರು ಸದಸ್ಯೆ: ಸರ್, ತಗಡಿನ ಮಾಡಿನಿಂದ ಇಳಿಯುವ ಮಳೆನೀರನ್ನು ರಾತ್ರಿಯಿಡೀ ತಾಮ್ರದ ಹಂಡೆಯಲ್ಲಿಟ್ಟು ಮಕ್ಕಳಿಗೆ ಕೊಡುತ್ತಿದ್ದೇವೆ. ನೀರು ನಿಲ್ಲುವ ಮಟ್ಟದಲ್ಲಿ ಹಂಡೆಯ ಸುತ್ತ ನೀಲಿ-ಹಸಿರು ಗೆರೆ ಮೂಡಿದೆ. ಚಿಕ್ಕವನಿಗೆ ಬೆಳಿಗ್ಗೆ ವಾಕರಿಕೆ ಬರುತ್ತದೆ.

ತಜ್ಞರು: ಅಮ್ಮಾ, ಆ ನೀರನ್ನು ಈಗಲೇ ನಿಲ್ಲಿಸಿ. ಮಗುವನ್ನು ವೈದ್ಯರಿಗೆ ತೋರಿಸಿ, ಹಂಡೆಯ ಸಂಗತಿಯನ್ನು ತಪ್ಪದೆ ಹೇಳಿ. ಆ ಗೆರೆ ತಾಮ್ರ ಕರಗುತ್ತಿರುವುದರ ಗುರುತು. ಕಲ್ಲಿದ್ದಲು, ಎಣ್ಣೆ ಉರಿದಾಗ ಹೊರಡುವ ಗಂಧಕದ ಡೈಆಕ್ಸೈಡ್ ಮತ್ತು ನೈಟ್ರೋಜನ್ ಆಕ್ಸೈಡುಗಳು ಗಾಳಿಯಲ್ಲೂ ಮೋಡದ ಹನಿಗಳಲ್ಲೂ ಆಮ್ಲಗಳಾಗುತ್ತವೆ. ಬೇಸಿಗೆಯ ಧೂಳಿನಲ್ಲಿರುವ ಸುಣ್ಣದ ಅಂಶ ಅವನ್ನು ತಕ್ಕಮಟ್ಟಿಗೆ ತಗ್ಗಿಸುತ್ತದೆ; ಮಳೆ ಹಿಡಿದು ಧೂಳು ತೊಳೆದುಹೋದ ಮೇಲೆ ಆ ರಕ್ಷಣೆ ಕುಗ್ಗುತ್ತದೆ. ಮಳೆನೀರಿನಲ್ಲಿ ಆಮ್ಲವನ್ನು ತಡೆಯುವ ಲವಣಗಳು ತೀರ ಕಡಿಮೆಯಿರುವುದರಿಂದ, ಹುಳಿ ಅಲ್ಪವಾಗಿದ್ದರೂ ಅದು ತಗಡಿನ ಸತುವನ್ನೂ ಹಂಡೆಯ ತಾಮ್ರವನ್ನೂ ಕರಗಿಸಿಕೊಳ್ಳುತ್ತದೆ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಲೋಹ ಹೋಗುವುದಿಲ್ಲ.

ವಸಯಿ ಸದಸ್ಯ: ನಮ್ಮ ವೀಳ್ಯದೆಲೆ ಬಳ್ಳಿಯಲ್ಲಿ ಕಂದು ಚುಕ್ಕೆಗಳಿವೆ. ಇದೂ ಆಮ್ಲಮಳೆಯಿಂದಲೇ?

ಘಾಟ್ಕೋಪರ್ ಸದಸ್ಯ: ನಮ್ಮ ಹಿರಿಯರು ತಾಮ್ರದ ಹಂಡೆಯ ನೀರನ್ನೇ ಕುಡಿದು ಬದುಕಲಿಲ್ಲವೇ?

ಮುಲುಂಡ್ ಸದಸ್ಯೆ: ಅವರು ತುಂಬಿಸುತ್ತಿದ್ದುದು ಬಾವಿಯ ನೀರು. ಕಲಾಯಿಯಿಲ್ಲದ ಪಾತ್ರೆಯಲ್ಲಿ ಹುಳಿ ಇಡುತ್ತಿದ್ದರೇ? ಚೆಂಬೂರಿನ ಪಕ್ಕದ ಮಾಹುಲ್ ಕಡೆಯ ತೈಲ ಶುದ್ಧೀಕರಣ ಘಟಕಗಳ ಚಿಮಣಿಗಳನ್ನು ಕೇಳುವವರಿಲ್ಲ, ಹಿರಿಯರನ್ನು ಎಳೆದು ತರುತ್ತೀರಿ.

ಘಾಟ್ಕೋಪರ್ ಸದಸ್ಯ: ಚಿಮಣಿಯನ್ನು ದೂರುವ ನೀವು ಕಾರು ಬಿಟ್ಟು ಲೋಕಲ್ ಹತ್ತಿದ್ದೀರಾ?

ಮುಲುಂಡ್ ಸದಸ್ಯೆ: ವಾಹನದ ಇಂಧನದಲ್ಲಿ ಗಂಧಕದ ಮಿತಿ 2020ರ ಏಪ್ರಿಲ್‌ನಲ್ಲೇ 50ರಿಂದ 10 ಪಿಪಿಎಂಗೆ (ಹತ್ತು ಲಕ್ಷದಲ್ಲಿ 10 ಭಾಗಕ್ಕೆ) ಇಳಿದಿದೆ. ಓದಿಕೊಂಡು ಬನ್ನಿ.

ತಜ್ಞರು: ಗಂಧಕ ಇಳಿದರೂ ವಾಹನಗಳ ನೈಟ್ರೋಜನ್ ಆಕ್ಸೈಡ್ ಉಳಿದಿದೆ. ಚಿಮಣಿಯ ಹೊಗೆಯನ್ನು ಸುಣ್ಣಕಲ್ಲಿನ ಪುಡಿ ಕಲಸಿದ ನೀರಿನಿಂದ ತೊಳೆದರೆ ಗಂಧಕದ ಬಹುಪಾಲು ಜಿಪ್ಸಮ್ ಆಗಿ ಸಿಕ್ಕಿಬೀಳುತ್ತದೆ. ಎರಡೂ ಕಡೆ ಕೆಲಸವಾಗಬೇಕು.

ಠಾಣೆ ಸದಸ್ಯ: ಸರ್, ಮಳೆಯಲ್ಲಿ ನೆನೆದರೆ ಕೂದಲು ಉದುರುತ್ತದೆಯೇ?

ತಜ್ಞರು: ಇಲ್ಲ. ಮೇಲಿನ ಉತ್ತರ ಓದಿ.

ಠಾಣೆ ಸದಸ್ಯ: ಫಾರ್ವರ್ಡ್ ಬಂದಿದೆ: ಹಂಡೆಗೆ ಒಂದು ಚಿಟಿಕೆ ಸೋಡಾ ಹಾಕಿದರೆ ಮಳೆನೀರು ಅಮೃತವಾಗುತ್ತದೆ.

ತಜ್ಞರು: ಆಗುವುದಿಲ್ಲ. ಮಗುವೊಂದು ಅಸ್ವಸ್ಥವಾಗಿರುವಾಗ ಇಂಥದನ್ನು ಇಲ್ಲಿ ಹಂಚಬೇಡಿ. ಯಾರಾದರೂ ನಂಬಿ ಕುಡಿಸಿಯಾರು. ಚೆಂಬೂರಿನ ತಾಯಿ, ವೈದ್ಯರಲ್ಲಿಗೆ ಹೋದಿರಾ?

ವಸಯಿ ಸದಸ್ಯ: ನನ್ನ ಬಳ್ಳಿಯ ಪ್ರಶ್ನೆ ಹಾಗೇ ಉಳಿಯಿತು.

ಚೆಂಬೂರು ಸದಸ್ಯೆ: ಈಗ ಹೊರಟಿದ್ದೇವೆ ಸರ್. ಹಂಡೆಯಲ್ಲಿ ಉಳಿದಿದ್ದ ನೀರನ್ನು ಬಾಟಲಿಯಲ್ಲಿ ತುಂಬಿಸಿಕೊಂಡಿದ್ದೇನೆ.