ಪದ ಬೇಕು: ಗೂಢಚಾರಿಯೋ, ಬೇಹುಗಾರನೋ, ಜಾಸೂಸನೋ?

ಕಲಬುರಗಿಯಿಂದ:
ಮಾನ್ಯರೆ, ಗೂಢಚರ್ಯೆಯ ಕಾದಂಬರಿಯೊಂದನ್ನು ಚಿತ್ರಸರಣಿಯಾಗಿಸುತ್ತಿರುವ ಗೆಳೆಯರಿಗಾಗಿ ಸಂಭಾಷಣೆ ಬರೆಯುತ್ತಿದ್ದೇನೆ. ನಾಯಕ ಕೋಟು ತೊಟ್ಟು ಮಿಂಚುವವನಲ್ಲ. ಮನೆ ಬಾಡಿಗೆಗೆ ಪರದಾಡುವ, ಕೊಲೆ ಮಾಡಿದ ರಾತ್ರಿ ನಿದ್ದೆ ಬಾರದೆ ಪಾತ್ರೆ ತೊಳೆಯುತ್ತ ನಿಲ್ಲುವ ಮನುಷ್ಯ. ಅವನನ್ನು ‘ಗೂಢಚಾರಿ’ ಎಂದು ಬರೆದು ಚಹಾದಂಗಡಿಯಲ್ಲಿ ಓದಿಸಿದಾಗ, ಪಾತ್ರಧಾರಿಯೇ ‘ಇಂವ ಕಂಪನಿ ನಾಟಕದಾಂವ ಏನ್ರೀ?’ ಎಂದು ನಕ್ಕುಬಿಟ್ಟರು. 1968ರ ‘ಜೇಡರ ಬಲೆ’ಯವರು ನಾಯಕನಿಗೆ ಸಿ.ಐ.ಡಿ. 999 ಎಂದು ಹೆಸರಿಟ್ಟು ಈ ತೊಡಕಿನಿಂದ ಪಾರಾದರು. ನಮಗೆ ಅಂಕಿಯ ಆಸರೆಯೂ ಇಲ್ಲ. ಭಿತ್ತಿಪತ್ರ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಎರಡೂ ಪಕ್ಷಗಳಿಗೆ ದುಡಿಯುವವನಿಗೂ ಒಂದು ಪದ ಬೇಕಾಗಿದೆ.

ಬೀದರಿನಿಂದ:
‘ಬೇಹುಗಾರ’ ಇರುವಾಗ ಚರ್ಚೆಯೇ ಬೇಕಿಲ್ಲ. ‘ಗೂಢ’, ‘ಚಾರ’ ಎರಡೂ ಸಂಸ್ಕೃತದವು, ‘ಬೇಹು’ ನಮ್ಮದು. ತೆಲುಗಿನ ‘ವೇಗು’ ಇದರ ದಾಯಾದಿ, ಮೊದಲಿನ ವಕಾರ ಇಲ್ಲಿ ಬಕಾರವಾಗಿದೆ, ಅಷ್ಟೆ. ಎರಡು ಕಡೆಯವನನ್ನು ‘ಇಬ್ಬೇಹಿಗ’ ಎನ್ನಿ. ಯಾರಾದರೂ ‘ಜಾಸೂಸ’ ಎಂಬ ಸಲಹೆ ಕೊಟ್ಟರೆ, ದಯವಿಟ್ಟು ಅದನ್ನು ಹೈದರಾಬಾದಿಗೇ ಮರಳಿಸಿ.

ಯಾದಗಿರಿಯಿಂದ:
‘ಇಬ್ಬೇಹಿಗ’ ಎಂದು ಕೇಳಿದವನು ಯಾವುದೋ ಕೀಟವೆಂದು ತಿಳಿದಾನು. ‘ಜಾಸೂಸ’ ಅರಬ್ಬಿಯದೆಂದು ಹೊರಗಟ್ಟುವವರು ತಾವು ಬರೆದ ‘ಸಲಹೆ’ಯೂ ಅರಬ್ಬಿಯಿಂದಲೇ ಬಂದದ್ದೆಂಬುದನ್ನು ಮರೆತಿದ್ದಾರೆ, ‘ಬೇಹುಗಾರ’ದ ‘ಗಾರ’ವನ್ನು ಸಂಸ್ಕೃತದ ‘ಕಾರ’ಕ್ಕೆ ಜೋಡಿಸುವ ವೈಯಾಕರಣರೂ ಇದ್ದಾರೆ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ನಮ್ಮ ಮೂರೂ ಜಿಲ್ಲೆಗಳಲ್ಲಿ ‘ಜಾಸೂಸ’ ಎಂದರೆ ಅರ್ಥದ ಜೊತೆಗೆ ಅನುಮಾನವೂ ಕೇಳಿಸುತ್ತದೆ. ಆದ್ದರಿಂದ ಅವನ ಮೇಲಧಿಕಾರಿ ‘ಬೇಹುಗಾರ’ ಎನ್ನಲಿ, ಅವನನ್ನು ಹಿಡಿದವನು ‘ಜಾಸೂಸ’ ಎಂದು ಬೈಯಲಿ. ಇನ್ನು ಎರಡು ಪಕ್ಷದವನಿಗೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಉಭಯವೇತನ’ ಎಂಬ ಹೆಸರಿದೆ. ನಿಷ್ಠೆಯ ಮಾತೇ ಎತ್ತದೆ ಸಂಬಳವನ್ನಷ್ಟೇ ಲೆಕ್ಕ ಹಾಕುವ ಈ ಪದ, ಬಾಡಿಗೆಗೆ ಪರದಾಡುವ ನಿಮ್ಮ ನಾಯಕನ ಕಥೆಗೆ ಚೆನ್ನಾಗಿ ಹೊಂದುತ್ತದೆ.

ಕಲಬುರಗಿಯಿಂದ:
ಇಬ್ಬರಿಗೂ ವಂದನೆಗಳು. ಭಿತ್ತಿಪತ್ರಕ್ಕೆ ‘ಬೇಹುಗಾರ’ ಎಂದೇ ಕಳುಹಿಸಿದ್ದೇನೆ. ‘ಉಭಯವೇತನ’ ನಟರ ಬಾಯಲ್ಲಿ ನಿಲ್ಲಲಿಲ್ಲವಾದ್ದರಿಂದ, ಅದನ್ನೇ ನಮ್ಮ ಮಾತಿಗೆ ಇಳಿಸಿ ‘ಎರಡ್ ಪಗಾರದಾಂವ’ ಎಂದು ಬರೆದೆ. ಈ ಸಲ ಯಾರೂ ನಗಲಿಲ್ಲ.

ಬೀದರಿನಿಂದ:
‘ಪಗಾರ’ ಪೋರ್ಚುಗೀಸಿನದು. ಇನ್ನು ನಿಮ್ಮಿಷ್ಟ.