ಉಣುಗಿನ ನಕ್ಷೆ: ಚುಕ್ಕಿ ಎಲ್ಲಿ ಇಡಬೇಕು?

ಹಾಡ್ಯದಂಚಿನ ಮನೆ (ಕೊಪ್ಪ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ, ನಾಲ್ಕು ಮಲೆನಾಡು ಗಿಡ್ಡ ಹಸು, ಮನೆಯ ಹಿಂದೆ ಹಾಡ್ಯ, ಅಂದರೆ ಸಣ್ಣ ಕಾಡು. ಕಳೆದ ಮಾಘದಲ್ಲಿ ಹಾಡ್ಯದ ಹಲಸಿನ ಮರದ ಬುಡದಲ್ಲಿ ಒಂದು ಮುಸಿಯ ಮಂಗ ಸತ್ತು ಬಿದ್ದಿತ್ತು. ಇಲಾಖೆಯವರಿಗೆ ಫೋನು ಮಾಡಿದೆವು. ಬಂದವರು ಮಾಡಬೇಕಾದ್ದನ್ನೆಲ್ಲ ಮಾಡಿ, ಸುತ್ತಲೂ ಪುಡಿ ಉದುರಿಸಿ ಹೋದರು. ಅದು ರಕ್ತ ಹೀರುವ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯಿಂದಲೇ ಸತ್ತಿತೋ, ಕರೆಂಟು ತಂತಿ ತಗುಲಿ ಸತ್ತಿತೋ ಎಂಬ ಉತ್ತರ ಮಾತ್ರ ನಮ್ಮ ಮನೆಯವರೆಗೆ ಬರಲೇ ಇಲ್ಲ.

ಅಂದಿನಿಂದ ನನಗೊಂದು ಹುಚ್ಚು ಹಿಡಿದಿದೆ. ಮಗಳ ಹಳೆಯ ಲೆಕ್ಕದ ಪುಸ್ತಕದಲ್ಲಿ ನಮ್ಮೂರಿನ ಹನ್ನೊಂದು ಮನೆ, ತೋಟ, ಹಳ್ಳ, ಸೊಪ್ಪಿನ ಬೆಟ್ಟ ಎಲ್ಲವನ್ನೂ ಬರೆದುಕೊಂಡು, ಉಣುಗು ಸಿಕ್ಕಿದ ಕಡೆಯೆಲ್ಲ ಕೆಂಪು ಚುಕ್ಕಿ ಇಡುತ್ತಿದ್ದೇನೆ. "ತುಳಸಿಕಟ್ಟೆಯ ಮುಂದೆ ರಂಗೋಲಿ ಇಡಲು ಪುರುಸೊತ್ತಿಲ್ಲ, ಉಣುಗಿಗೆ ಇಡುತ್ತಾಳೆ" ಎಂದು ಅತ್ತೆಯವರು ನಗುತ್ತಾರೆ.

ಈಗ ಪುಸ್ತಕದಲ್ಲಿ ನಲವತ್ತಮೂರು ಚುಕ್ಕಿಗಳಿವೆ. ಅವುಗಳಲ್ಲಿ ಇಪ್ಪತ್ತೆಂಟು ನಮ್ಮ ಬಚ್ಚಲುಮನೆಯ ಮೇಲೆ! ಸ್ನಾನಕ್ಕೆ ಹೋದಾಗಲೇ ತಾನೇ ಮೈಮೇಲೆ ಕಾಣುವುದು. ನನ್ನ ನಕ್ಷೆಯನ್ನು ನಂಬಿದರೆ ಇಡೀ ಜಿಲ್ಲೆಯಲ್ಲಿ ನಮ್ಮ ಬಚ್ಚಲಿನಷ್ಟು ಅಪಾಯದ ಜಾಗ ಇನ್ನೊಂದಿಲ್ಲ. ಉಳಿದವುಗಳಲ್ಲಿ ಹತ್ತು ಕೊಟ್ಟಿಗೆಯಲ್ಲಿ ಹಸುಗಳ ಕಿವಿ, ಕೆಚ್ಚಲಿನ ಬಳಿ ಕಂಡವು. ಇವನ್ನೂ ಲೆಕ್ಕಕ್ಕೆ ಹಿಡಿಯಬೇಕೇ? ಇನ್ನೊಂದು ತೊಡಕು: ಪಕ್ಕದ ಮನೆಯವರು "ನಮ್ಮ ಜಾಗದಲ್ಲಿ ಚುಕ್ಕಿ ಇಡಬೇಡ, ಕೊನೆ ಕೊಯ್ಯಲು ಆಳು ಬರುವುದಿಲ್ಲ" ಎನ್ನುತ್ತಿದ್ದಾರೆ. ತಿಳಿದವರು ಹೇಳಿ.

ಬಿಳಿ ಬಟ್ಟೆ:

ಬಚ್ಚಲಿನ ಕಥೆ ಓದಿ ನಕ್ಕೆ, ಆದರೆ ನೀವು ಮಾಡಿದ ತಪ್ಪನ್ನು ದೊಡ್ಡ ನಕ್ಷೆಗಳೂ ಮಾಡುತ್ತವೆ ತಾಯಿ. ಜ್ವರ ಬಂದವರ ವಿಳಾಸ ಬರೆದುಕೊಂಡು, ಅದೇ ವಿಳಾಸದ ಮೇಲೆ ಗುರುತು ಹಾಕುತ್ತಾರೆ. ಆ ಮನುಷ್ಯನಿಗೆ ಉಣುಗು ಕಚ್ಚಿದ್ದು ಮನೆಯಿಂದ ಮೂರು ಮೈಲಿ ಆಚೆ, ಸೌದೆಗೆ ಹೋದಾಗ ಇರಬಹುದು. ನಾನು ನಿವೃತ್ತನಾಗುವ ಮೊದಲು ಹಲವು ಬೇಸಿಗೆ ಕಾಡಿನಲ್ಲಿ ಉಣುಗು ಹಿಡಿಯುವ ಕೆಲಸದಲ್ಲಿದ್ದವನು, ಅದಕ್ಕೇ ಈ ಹೆಸರು.

ಮೊದಲು ಕೊಟ್ಟಿಗೆಯ ವಿಷಯ. ಹಸುವಿನ ಕೆಚ್ಚಲಿಗೆ ಕಚ್ಚಿಕೊಂಡು ಹುಣಸೆ ಬೀಜದಂತೆ ಊದುವ ಬೂದು ಉಣುಗು ಸಾಮಾನ್ಯವಾಗಿ ಬೇರೆ ಜಾತಿಯದು. ಮರಿಯಾಗಿ ಹತ್ತಿದರೆ ಬಲಿತು ಮೊಟ್ಟೆ ಇಡಲು ಇಳಿಯುವವರೆಗೂ ಅದೇ ಹಸುವಿನ ಮೇಲೆ ಇರುತ್ತದೆ. ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವ ಹೀಮಾಫೈಸಾಲಿಸ್ ಸ್ಪಿನಿಜೆರಾ ಹಾಗಲ್ಲ. ಅದಕ್ಕೆ ಬಾಳಿನಲ್ಲಿ ಮೂರು ಮನೆ. ಮರಿ ಒಂದು ಪ್ರಾಣಿಯ ರಕ್ತ ಕುಡಿದು ನೆಲಕ್ಕೆ ಬೀಳುತ್ತದೆ, ಪೊರೆ ಕಳಚಿ ಎಳೆಯ ಉಣುಗಾಗಿ ಇನ್ನೊಂದನ್ನು ಹತ್ತುತ್ತದೆ, ಮತ್ತೆ ಬಿದ್ದು ಬಲಿತು ಮೂರನೆಯದನ್ನು ಹುಡುಕುತ್ತದೆ. ನಮಗೆ ಕಚ್ಚಿ ಕಾಯಿಲೆ ತಗುಲಿಸುವುದು ನಡುವಿನ ಆ ಎಳೆಯದು. ಸಾಸಿವೆ ಕಾಳಿಗಿಂತಲೂ ಚಿಕ್ಕದು, ಕಾಲು ಎಂಟು. ಹೀಗೆ ಬಿದ್ದು ಎದ್ದು ಸಾಗುವುದರಿಂದಲೇ ಇದಕ್ಕೆ ನಕ್ಷೆ ಬೇಕಾಗುವುದು. ಬೀಳುವ ನೆಲದಲ್ಲಿ ತೇವದ ತರಗೆಲೆ ಇದ್ದರೆ ಬದುಕುತ್ತದೆ, ಒಣಗಿ ಕಾದ ಬಯಲಾದರೆ ಸಾಯುತ್ತದೆ.

ಹಾಗೆಂದು ದನವನ್ನು ಲೆಕ್ಕದಿಂದ ಪೂರ್ತಿ ಬಿಡಬೇಡಿ. ದನದ ರಕ್ತದಿಂದ ಈ ವೈರಾಣು ಉಣುಗಿಗೆ ದಾಟುವುದಿಲ್ಲ ಎನ್ನಬಹುದು, ಆದರೆ ಬಲಿತ ಉಣುಗಿಗೆ ದನವೇ ಊಟದ ಮನೆ. ಕಾಡಿಗೆ ಮೇಯಲು ಹೋಗುವ ದಾರಿ ಮತ್ತು ಮಧ್ಯಾಹ್ನ ಮಲಗುವ ನೆರಳು, ಎರಡನ್ನೂ ಬೇರೆ ಬಣ್ಣದಲ್ಲಿ ಗುರುತಿಸಿ. ಕೊಟ್ಟಿಗೆಯ ಆ ಹತ್ತು ಚುಕ್ಕಿಗಳಿಗಿಂತ ಈ ಒಂದು ಗೆರೆ ಹೆಚ್ಚು ಹೇಳುತ್ತದೆ.

ನಾವು ಮಾಡುತ್ತಿದ್ದುದು ಹೀಗೆ. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ, ಇಬ್ಬನಿ ಆರಿದ ಮೇಲೆ ತರಗೆಲೆಯ ಮೇಲೆ ನಿಧಾನವಾಗಿ ಎಳೆಯುವುದು, ನಾಲ್ಕು ಹೆಜ್ಜೆಗೊಮ್ಮೆ ಮಗುಚಿ ನೋಡುವುದು, ಅಂಟಿದವನ್ನು ಚಿಮುಟದಿಂದ ಸೀಸೆಗೆ ಹಾಕುವುದು. ಆಮೇಲೆ ಪ್ರಯೋಗಾಲಯದಲ್ಲಿ ಜಾತಿವಾರು ಬೇರ್ಪಡಿಸಿ, ಗುಂಪುಗುಂಪಾಗಿ ಅರೆದು ಪರೀಕ್ಷಿಸುತ್ತಾರೆ. ಇದನ್ನು ನೀವು ಮಾಡಲು ಹೋಗಬೇಡಿ. ಪ್ರಯೋಗಾಲಯದೊಳಗೇ ಈ ಕಾಯಿಲೆ ಹತ್ತಿಸಿಕೊಂಡವರಿದ್ದಾರೆ. ಉಣುಗನ್ನು ಉಗುರಿನಲ್ಲಿ ಚಿಟುಕುವುದೂ ಬೇಡ, ಬಾಟಲಿಯಲ್ಲಿ ಕೂಡಿಡುವುದೂ ಬೇಡ.

ಸಕಲೇಶಪುರ ಕಾಫಿ:

ನಮ್ಮ ಕಡೆ ಮಂಗ ಸತ್ತ ಸುದ್ದಿಯೇ ಇಲ್ಲ. ಸುಮ್ಮನೆ ನಕ್ಷೆ, ಚುಕ್ಕಿ ಎಂದು ಜನರನ್ನು ಹೆದರಿಸುವುದೇಕೆ? ಹೋಂಸ್ಟೇ ನಡೆಸುವವರ ಹೊಟ್ಟೆಪಾಡನ್ನೂ ಸ್ವಲ್ಪ ನೋಡಿ.

ಬಿಳಿ ಬಟ್ಟೆ:

ಸುದ್ದಿ ಇಲ್ಲವೋ, ನೋಡಿದವರು ಇಲ್ಲವೋ ಎಂಬುದೇ ಪ್ರಶ್ನೆ ಸ್ವಾಮಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದಾಗ ಇದು ಅಲ್ಲಿಯ ಕಾಯಿಲೆ ಎಂದುಕೊಂಡಿದ್ದರು. 2012ರಲ್ಲಿ ಬಂಡೀಪುರದ ಕಡೆ ಕಂಡಿತು, ಆಮೇಲೆ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ. ನಕ್ಷೆಯಲ್ಲಿ ಖಾಲಿ ಇದ್ದ ಜಾಗಗಳೇ ಅವೆಲ್ಲ. ನಿಮ್ಮಲ್ಲಿ ಕಾಯಿಲೆ ಇದೆ ಎಂದು ನಾನು ಹೇಳುತ್ತಿಲ್ಲ. ಹುಡುಕಿ ಸಿಗದಿದ್ದರೆ ಸೊನ್ನೆ ಬರೆಯಿರಿ, ಹುಡುಕದೇ ಇದ್ದರೆ ಖಾಲಿ ಬಿಡಿ. ಎರಡೂ ಒಂದೇ ಅಲ್ಲ.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮಂಥ ಊರುಗಳ ಮಟ್ಟಿಗೆ ಮುಖ್ಯ. ದಟ್ಟ ಕಾಡಿನ ನಡುವೆ ಎನ್ನುವುದಕ್ಕಿಂತ, ನಿತ್ಯಹರಿದ್ವರ್ಣ ಕಾಡು ಮತ್ತು ತೋಟಗಳು ಒಂದರೊಳಗೊಂದು ಹೊಕ್ಕಿರುವಲ್ಲಿ, ನಾಟಿ ದನ ಹೆಚ್ಚಿರುವಲ್ಲಿ ಕಾಯಿಲೆ ಕಾಣುವ ಸಂಭವ ಹೆಚ್ಚು ಎಂದಿತ್ತು ಅದು. ಹಾಡ್ಯ, ಅಡಿಕೆ, ಗಿಡ್ಡ ಹಸು... ಕೊಪ್ಪದ ತಾಯಿ ತಮ್ಮ ಮನೆಯ ವರ್ಣನೆ ಕೊಟ್ಟಾಗಲೇ ನನಗೆ ಅದು ನೆನಪಾಯಿತು.

ಶೃಂಗೇರಿ ಕಡೆಯ ಆಶಾ:

ಅಕ್ಕಾ, ನಾನು ಆಶಾ ಕಾರ್ಯಕರ್ತೆ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ತೈಲದ ಬಾಟಲಿಯನ್ನು ಮನೆ ಮನೆಗೆ ಹಂಚುವವಳು. ಗಂಡಸರು ಅದನ್ನು ಹಚ್ಚಿಕೊಂಡು ಕಾಡಿಗೆ ಹೋಗುತ್ತಾರೆ, ದರಗು (ಒಣ ಎಲೆ) ಗುಡಿಸಲು ಹೋಗುವ ಹೆಂಗಸರು "ಇಲ್ಲೇ ಹಿತ್ತಲಿಗೆ ತಾನೇ" ಎಂದು ಹಾಗೆಯೇ ಹೋಗುತ್ತಾರೆ. ಕಾಡಿನ ನೆಲವನ್ನೇ ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ತಂದು ಅಂಗಳದಲ್ಲಿ ಸುರಿದಂತೆ ಅದು. ಶಿವಮೊಗ್ಗ ಜಿಲ್ಲೆಯಲ್ಲಿ ರೋಗಿಗಳ ಮನೆಗಳನ್ನು ಉಳಿದವರ ಮನೆಗಳ ಜೊತೆ ಹೋಲಿಸಿದಾಗ ಅಂಗಳದ ಒಣ ಎಲೆಯ ರಾಶಿಯೂ ಅಪಾಯದ ಪಟ್ಟಿಗೆ ಸೇರಿತ್ತು. ನಿಮ್ಮ ನಕ್ಷೆಯಲ್ಲಿ ದರಗಿನ ರಾಶಿ ಇದೆಯೇ?

ಪಕ್ಕದ ಮನೆಯವರ ಮಾತಿಗೆ ನನ್ನ ಸಲಹೆ: ಮನೆಯ ಹೆಸರು ಬರೆಯಬೇಡಿ, ಕೆಲಸದ ಹೆಸರು ಬರೆಯಿರಿ. "ದರಗು", "ಸೌದೆ", "ದನ ಅಟ್ಟಿದ್ದು", "ಅಣಬೆಗೆ ಹೋಗಿದ್ದು". ಕೆಲಸಕ್ಕೆ ಚುಕ್ಕಿ ಇಟ್ಟರೆ ಯಾರಿಗೂ ಅವಮಾನವಿಲ್ಲ. ಉಣುಗು ಸಿಕ್ಕ ಎಂಟು ಹತ್ತು ದಿನಗಳೊಳಗೆ ಯಾರಿಗಾದರೂ ಜ್ವರ, ತಲೆನೋವು, ಸೊಂಟ ಮುರಿದಂಥ ಮೈಕೈ ನೋವು ಬಂದರೆ ಪುಸ್ತಕ ಹಿಡಿದುಕೊಂಡೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ನವೆಂಬರಿನಿಂದ ಮೇ ತನಕ ಜ್ವರದ ಮಾತ್ರೆ ನುಂಗಿ ಮಲಗುವ ಧೈರ್ಯ ಬೇಡ.

ಹಾಡ್ಯದಂಚಿನ ಮನೆ:

ಒಂದು ವಾರ ಹೊಸ ರೀತಿಯಲ್ಲಿ ಬರೆದೆ. ಹೊರಗೆ ಹೋಗಿ ಬಂದ ಕೂಡಲೇ ಬಾಗಿಲಲ್ಲೇ ಸೀರೆ ಕೊಡವಿ ನೋಡುವುದು, ಹೋದ ಕೆಲಸ ಬರೆಯುವುದು, ಸಿಗದಿದ್ದರೆ ಸೊನ್ನೆ. ಹಲಸಿನ ಮರದ ಕಡೆಗೆ ಕಾಲಿಡಲಿಲ್ಲ, ಅಲ್ಲಿ ಖಾಲಿ ಬಿಟ್ಟಿದ್ದೇನೆ. ತೋಟದಲ್ಲಿ ಅಡಿಕೆ ಹೆಕ್ಕಿದ ನಾಲ್ಕೂ ದಿನ ಸೊನ್ನೆ. ದರಗಿಗೆ ಹೋದ ಎರಡು ದಿನ ಸೇರಿ ಐದು, ಎರಡೂ ಸಲ ದನ ಮಲಗುವ ಹೊನ್ನೆ ಮರದ ನೆರಳಿನ ಪಕ್ಕದಲ್ಲೇ ಗುಡಿಸಿದ್ದೆ. ಪಕ್ಕದ ಮನೆಯವರೂ ಈಗ ತಮ್ಮದನ್ನು ಹೇಳುತ್ತಿದ್ದಾರೆ, ಹೆಸರು ಹಾಕುವುದಿಲ್ಲ ಎಂದ ಮೇಲೆ. ಅಂಗಳದ ರಾಶಿಯನ್ನು ಗದ್ದೆಯಂಚಿಗೆ ಸಾಗಿಸಿದ್ದಾಯಿತು.

ಒಂದೇ ಅನುಮಾನ: ಬಚ್ಚಲಿನ ಆ ಇಪ್ಪತ್ತೆಂಟು ಚುಕ್ಕಿಗಳನ್ನು ಅಳಿಸಲೇ?

ಬಿಳಿ ಬಟ್ಟೆ:

ಅಳಿಸಬೇಡಿ. ಒಂದೊಂದರ ಪಕ್ಕದಲ್ಲೂ ತಾರೀಖು ಇದ್ದರೆ, ಆ ದಿನ ಎಲ್ಲಿಗೆ ಹೋಗಿದ್ದಿರಿ ಎಂದು ಅತ್ತೆಯವರನ್ನು ಕೇಳಿ ನೋಡಿ. ಸೊಸೆ ಎಷ್ಟು ಹೊತ್ತಿಗೆ ಎಲ್ಲಿಗೆ ಹೋದಳು ಎಂಬುದು ಅವರಿಗೆ ನಿಮಗಿಂತ ಚೆನ್ನಾಗಿ ನೆನಪಿರುತ್ತದೆ.