ಪದಚರ್ಚೆ: ನೊರೆಯೋ, ಬುರುಗೋ, ಕೆನೆಯೋ?

ಎಲ್ಲರಿಗೂ ನಮಸ್ಕಾರ.

ಮಂಗಳೂರಿನ ನಾವು ಕೆಲವು ಗೆಳೆಯರು ಸೇರಿ ಬಿಯರಿನ ರುಚಿಯ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ಲಾಗರ್ ಎಂಬ ಬಗೆಯ ಬಿಯರಿನ ಭಾಗ ಸಲೀಸಾಗಿ ಮುಗಿಯಿತು. ನೈಟ್ರೋ ಸ್ಟೌಟ್‌ಗೆ ಬಂದಾಗ ಪದಕ್ಕೆ ತಡಕಾಡುವ ಹಾಗಾಗಿದೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಸ್ಟೌಟ್ ಅಂದರೆ ಹುರಿದ ಬಾರ್ಲಿಯಿಂದ ಬಣ್ಣ ಪಡೆದ ಕಪ್ಪು ಬಿಯರ್. ಬೇರೆ ಬಿಯರುಗಳಲ್ಲಿ ಗುಳ್ಳೆ ಏಳುವುದು ಕಾರ್ಬನ್ ಡೈಆಕ್ಸೈಡಿನಿಂದ. ನೈಟ್ರೋ ಸ್ಟೌಟ್ ಸುರಿಯಲು ಬಳಸುವ ಅನಿಲದಲ್ಲಿ ಸುಮಾರು ಮುಕ್ಕಾಲು ಪಾಲು ನೈಟ್ರೋಜನ್. ಡಬ್ಲಿನ್ನಿನ ಬಿಯರ್ ಕಂಪನಿ ಗಿನ್ನೆಸ್ 1959ರಲ್ಲಿ ಇದನ್ನು ಹೊರತಂದಿತು. ಅದರ ಹಿಂದಿದ್ದವರು ಗಣಿತ ಓದಿದ ಮೈಕೆಲ್ ಆ್ಯಶ್. ನೈಟ್ರೋಜನ್ ಬಿಯರಿನಲ್ಲಿ ಕರಗುವುದು ತೀರಾ ಕಡಿಮೆ. ನಲ್ಲಿಯೊಳಗಿನ ಸಣ್ಣ ತೂತುಗಳ ಬಿಲ್ಲೆಯಿಂದ ನುಗ್ಗುವಾಗ ಅದು ತೀರಾ ಸಣ್ಣ ಗುಳ್ಳೆಗಳಾಗಿ ಹೊರಬರುತ್ತದೆ. ಒಂದು ಗುಳ್ಳೆಯ ಅನಿಲ ಪಕ್ಕದ್ದಕ್ಕೆ ಬೇಗ ಸೇರುವುದೂ ಇಲ್ಲ. ಹಾಗಾಗಿ ಲೋಟದ ಮೇಲೆ ಬೆರಳು ದಪ್ಪದ ಒಂದು ಪದರ ಕೊನೆಯ ಗುಟುಕಿನ ತನಕ ನಿಲ್ಲುತ್ತದೆ.

ಈ ಪದರಕ್ಕೆ ಏನು ಹೇಳುವುದು? ನಮ್ಮ ಕರಡಿನಲ್ಲಿ ಒಬ್ಬರು 'ಕೆನೆ' ಎಂದು ಬರೆದಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೆನೆ ಅಂದರೆ ಕಾದ ಹಾಲು ಆರಿದಾಗ ಕಟ್ಟುವ ಪೊರೆ. ಚಮಚದಲ್ಲಿ ಎತ್ತಿದರೆ ಮಡಚಿಕೊಂಡು ಬರುತ್ತದೆ, ಜಿಡ್ಡು ಉಂಟು. ಇಲ್ಲಿ ಜಿಡ್ಡೂ ಇಲ್ಲ, ಹಾಲೂ ಇಲ್ಲ. 'ಕೆನೆಭರಿತ ಬಿಯರ್' ಎಂದು ಓದಿದವರು ಹಾಲು ಹಾಕಿದ್ದಾರೆ ಅಂದುಕೊಳ್ಳುತ್ತಾರೆ, ಅಲ್ವಾ? 'ಬುರುಗು' ಕೇಳಿದರೆ ಸೀಗೆ, ಸೋಪು, ಬಟ್ಟೆ ಒಗೆಯುವ ಕಲ್ಲು ನೆನಪಾಗುತ್ತವೆ. ಅದು ದೊಡ್ಡ ಗುಳ್ಳೆಗಳ, ಬೇಗ ಒಡೆಯುವ ಪದ.

ನನ್ನ ಮತ 'ನೊರೆ'ಗೆ. ನೊರೆಹಾಲು ಅನ್ನುತ್ತೇವಲ್ಲ, ಆಗ ತಾನೇ ಕರೆದ ಹಾಲಿನ ಮೇಲೆ ನಿಂತ ಆ ಬಿಳಿ, ಅದು ಗಾಳಿಯ ನೊರೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್ನೇ. ಅಂದರೆ ಕನ್ನಡದ ನೊರೆ ಮೊದಲಿನಿಂದಲೂ ಮುಕ್ಕಾಲು ಪಾಲು ಇದೇ ಅನಿಲದ್ದು. ಹೊಸ ಪದ ಕಟ್ಟುವುದು ಯಾಕೆ? 'ನುಣ್ಣನೆ ನೊರೆ', 'ಗಟ್ಟಿ ನೊರೆ' ಸಾಕು. ನಾಲಗೆಗೆ ಸಿಗುವ ಹಿತವನ್ನು ಹೇಳುವಾಗ ಮಾತ್ರ 'ಕೆನೆಯಂಥ' ಬಂದರೆ ನನ್ನ ತಕರಾರಿಲ್ಲ.

ಕ್ರಿಯಾಪದದ ಕಷ್ಟ ಇನ್ನೂ ಜಾಸ್ತಿ. ಲೋಟವನ್ನು ವಾಲಿಸಿ ಮುಕ್ಕಾಲು ತುಂಬಿಸುತ್ತಾರೆ, ಸುಮ್ನೆ ಬಿಡುತ್ತಾರೆ, ಆಮೇಲೆ ಪೂರ್ತಿ ಮಾಡುತ್ತಾರೆ. ಆ ನಡುವಿನ ಹೊತ್ತಿನಲ್ಲಿ ಗಾಜಿನ ಗೋಡೆಗೆ ಕಣ್ಣಿಟ್ಟು ನೋಡಿ. ಕಂದು ಗುಳ್ಳೆಗಳ ಪರದೆ ಕೆಳಕ್ಕೆ ಹರಿಯುತ್ತದೆ! ಲೋಟ ಮೇಲೆ ಅಗಲ, ಕೆಳಗೆ ಕಿರಿದು. ಗುಳ್ಳೆಗಳು ನಡುವಿನಲ್ಲಿ ಗುಂಪಾಗಿ ಏರುತ್ತವೆ, ಬಿಯರನ್ನೂ ಎಳೆದೊಯ್ಯುತ್ತವೆ. ಆ ಬಿಯರ್ ಗೋಡೆಯ ಪಕ್ಕದಲ್ಲಿ ಇಳಿಯುವಾಗ ಸಣ್ಣ ಗುಳ್ಳೆಗಳನ್ನು ಜೊತೆಗೆ ತರುತ್ತದೆ. ಐರ್ಲೆಂಡಿನ ಲಿಮರಿಕ್ ವಿಶ್ವವಿದ್ಯಾಲಯದ ಗಣಿತಜ್ಞರು 2012ರಲ್ಲಿ ಇದನ್ನು ವಿವರಿಸಿದ್ದಾರೆ. ಕನ್ನಡದಲ್ಲಿ ಗುಳ್ಳೆ ಯಾವಾಗಲೂ 'ಏಳುತ್ತದೆ'. ಇಳಿಯುವ ಗುಳ್ಳೆಗೆ ನನಗೆ 'ಜಾರು' ಹಿಡಿಸಿದೆ. ಇನ್ನೊಂದು ಎಚ್ಚರ: 'ನೊರೆ ಕೂತಿತು' ಎಂದು ಬರೆದರೆ ನೊರೆ ಅಡಗಿತು ಎಂದೇ ಅರ್ಥ. ಇಲ್ಲಿ ಆಗುವುದು ಅದರ ಉಲ್ಟಾ. ಬಿಯರ್ ತಿಳಿಯಾಗುತ್ತದೆ, ನೊರೆ ನಿಲ್ಲುತ್ತದೆ.

ರುಚಿಯ ಪದಗಳು ನಮ್ಮಲ್ಲಿ ಧಾರಾಳ ಉಂಟು. ಘಟ್ಟದ ಕಾಫಿಯನ್ನು ಹದ ಮಾಡಿ ಹಡಗಿಗೆ ಏರಿಸಿದ ಊರು ಇದು, ಹುರಿದದ್ದರ ಭೇದ ಗೊತ್ತು. 'ಹುರಿದ ಘಮ' ಹೊಗಳಿಕೆ. 'ಸೀದ', 'ಕರಟಿದ', ನಮ್ಮ ಕಡೆಯ 'ಕರಂಚಿದ', ಮೂರೂ ದೂರು. ಸ್ಟೌಟಿಗೆ ಮೊದಲನೆಯದೇ ಸರಿ. ಹಿಂದೆ ಉಳಿಯುವುದು ಕಹಿ, ಅದರ ಬಾಲಕ್ಕೆ ಚೂರು ಒಗರು. ಕಾರ್ಬನ್ ಡೈಆಕ್ಸೈಡ್ ಕಡಿಮೆ ಇರುವುದರಿಂದ ನಾಲಗೆ ಚುರುಗುಟ್ಟುವುದಿಲ್ಲ. ಇದನ್ನು 'ಸಪ್ಪೆ' ಅನ್ನಬೇಡಿ, 'ಮೆತ್ತಗೆ' ಅನ್ನಿ. ಬಣ್ಣವೂ ಪೂರ್ತಿ ಕಪ್ಪಲ್ಲ. ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಮಾಣಿಕ್ಯದ ಕೆಂಪು ಕಾಣುತ್ತದೆ.

ಕೊನೆಗೆ ಒಂದು ಕೋರಿಕೆ. ಮನೆಯಲ್ಲಿ ಮೂರ್ತೆ ಕೆಲಸ, ಅಂದರೆ ಮರದಿಂದ ಕಳ್ಳು ಇಳಿಸುವ ಕೆಲಸ ಕಂಡವರು ಈ ಬಳಗದಲ್ಲಿ ಇದ್ದರೆ ದಯವಿಟ್ಟು ಬರೆಯಿರಿ. ಬೆಳಿಗ್ಗೆ ಇಳಿಸಿದ ಕಳ್ಳಿನ ಮೇಲೆ ನಿಂತ ನೊರೆಗೂ, ಮಧ್ಯಾಹ್ನ ಉಕ್ಕಿ ಹುಳಿಯಾದಾಗ ಬರುವ ನೊರೆಗೂ ನಿಮ್ಮಲ್ಲಿ ಬೇರೆ ಬೇರೆ ಹೆಸರು ಇವೆಯೇ? ತುಳು, ಕುಂದಗನ್ನಡ, ಕೊಂಕಣಿ, ಬ್ಯಾರಿ, ಯಾವುದಾದರೂ ಆಗಬಹುದು. ಕೈಪಿಡಿಯಲ್ಲಿ ಮೊದಲು ಅವನ್ನೇ ಬಳಸುವ ಆಸೆ ನನ್ನದು.